ಪುರಾವೆಯ ಹೊರೆ ಮತದಾರನ ಹೆಗಲಿಗೇಕೆ?

2020ರ ಜೂನ್‌ನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಪ್ರಾಥಮಿಕ ಚುನಾವಣೆ ನಡೆಯಿತು. ಅಟ್ಲಾಂಟಾ ನಗರಕ್ಕೆ ಅಂಟಿಕೊಂಡಂತಿರುವ ಯೂನಿಯನ್ ಸಿಟಿಯಲ್ಲಿ ಸಂಜೆ ಸಾಲು ಹಿಡಿದವರಲ್ಲಿ ಕೊನೆಯವರು ಮತ ಹಾಕಿ ಹೊರಬಂದಾಗ ನಡುರಾತ್ರಿ ದಾಟಿತ್ತು. ಆ ಊರಿನಲ್ಲಿ ಹತ್ತು ಜನರಲ್ಲಿ ಹೆಚ್ಚುಕಡಿಮೆ ಒಂಬತ್ತು ಮಂದಿ ಕಪ್ಪುವರ್ಣೀಯರು. ರಾಜ್ಯದ ಎಲ್ಲೆಡೆಯೂ ಹೀಗೇ ಇತ್ತೇ? ಪತ್ರಕರ್ತರು ಮತಗಟ್ಟೆಗಳ ದಾಖಲೆ ಕಲೆಹಾಕಿ ನೋಡಿದರು. ಸಂಜೆ 7 ಗಂಟೆಯ ಬಳಿಕವೂ ಸಾಲಿನಲ್ಲಿದ್ದವರು ಕನಿಷ್ಠ ಎಷ್ಟು ಹೊತ್ತು ಕಾಯಬೇಕಾಯಿತು ಎಂಬುದರ ಸರಾಸರಿ, ಬಿಳಿಯರೇ ಶೇ 90ಕ್ಕಿಂತ ಹೆಚ್ಚಿದ್ದ ಮತಗಟ್ಟೆಗಳಲ್ಲಿ 6 ನಿಮಿಷ. ಬಿಳಿಯರಲ್ಲದವರು ಶೇ 90ಕ್ಕಿಂತ ಹೆಚ್ಚಿದ್ದ ಕಡೆ ಅದು 51 ನಿಮಿಷ. 2013ರಿಂದೀಚೆಗೆ ಜಾರ್ಜಿಯಾದ ಮತದಾರರ ಪಟ್ಟಿಗೆ ಸುಮಾರು 20 ಲಕ್ಷ ಹೆಸರು ಸೇರಿದ್ದವು. ಮತಗಟ್ಟೆಗಳ ಸಂಖ್ಯೆ ಮಾತ್ರ ಶೇ 10ರಷ್ಟು ಇಳಿದಿತ್ತು.

ಮರುವರ್ಷದ ಮಾರ್ಚ್ 25ರಂದು ಗವರ್ನರ್ ಬ್ರಯನ್ ಕೆಂಪ್ ಸಹಿ ಹಾಕಿದ ‘ಎಸ್‌ಬಿ 202’ ಕಾಯ್ದೆ ಈ ಸಾಲುಗಳ ವಿಚಾರಕ್ಕೂ ಕೈ ಹಾಕಿತು. ಮತಗಟ್ಟೆಯಿಂದ 150 ಅಡಿಯೊಳಗೆ, ಅಥವಾ ಸಾಲಿನಲ್ಲಿ ನಿಂತವರಿಂದ 25 ಅಡಿಯೊಳಗೆ ಯಾರೂ ಮತದಾರರಿಗೆ ಊಟ, ನೀರು ಕೊಡುವಂತಿಲ್ಲ ಎಂದಿತು. ಅಂಚೆ ಮತಪತ್ರಕ್ಕೆ ಅರ್ಜಿ ಹಾಕುವ ಅವಧಿ ಮೊಟಕಾಯಿತು, ಗುರುತಿನ ಸಂಖ್ಯೆ ಕಡ್ಡಾಯವಾಯಿತು. ಅಂಚೆ ಮತಪತ್ರ ಹಾಕುವ ಡ್ರಾಪ್ ಬಾಕ್ಸ್‌ಗಳಿಗೆ ಮಿತಿ ಬಿತ್ತು. 2020ರಲ್ಲಿ ಅಟ್ಲಾಂಟಾ ಇರುವ ಫುಲ್ಟನ್ ಕೌಂಟಿಯಲ್ಲಿದ್ದ 38 ಪೆಟ್ಟಿಗೆಗಳು ಬೆರಳೆಣಿಕೆಗೆ ಇಳಿದವು. ಒಬ್ಬ ಮತದಾರ ಇನ್ನೆಷ್ಟೇ ಮತದಾರರ ಅರ್ಹತೆಯನ್ನು ಪ್ರಶ್ನಿಸಿ ದೂರು ಕೊಡಬಹುದು ಎಂದಾಯಿತು.

ಇದೇ ಕಾಯ್ದೆಗೆ ಇನ್ನೊಂದು ಮುಖವೂ ಇದೆ. ಎರಡು ಶನಿವಾರಗಳ ಮುಂಗಡ ಮತದಾನವನ್ನು ಅದು ರಾಜ್ಯದಾದ್ಯಂತ ಕಡ್ಡಾಯ ಮಾಡಿತು. ಪ್ರತಿ ಕೌಂಟಿಯಲ್ಲೂ ಒಂದಾದರೂ ಡ್ರಾಪ್ ಬಾಕ್ಸ್ ಇರಲೇಬೇಕು ಎಂದಿತು. ಗಂಟೆಗಿಂತ ಹೆಚ್ಚು ಕಾಯಿಸುವ ದೊಡ್ಡ ಮತಗಟ್ಟೆಗಳನ್ನು ಒಡೆಯಬೇಕು, ಇಲ್ಲವೇ ಸಿಬ್ಬಂದಿ, ಯಂತ್ರಗಳನ್ನು ಹೆಚ್ಚಿಸಬೇಕು ಎಂದು ಹೇಳಿದ್ದೂ ಇದೇ ಕಾಯ್ದೆ.

ಆಗಿನ ಅಧ್ಯಕ್ಷ ಜೋ ಬೈಡನ್ ಈ ಕಾಯ್ದೆಯನ್ನು 21ನೇ ಶತಮಾನದ ‘ಜಿಮ್ ಕ್ರೋ’ ಎಂದು ಕರೆದರು. ದಕ್ಷಿಣದ ರಾಜ್ಯಗಳು ಕಪ್ಪು ಜನರನ್ನು ಕಾನೂನಿನ ಬಲದಿಂದಲೇ ಬೇರ್ಪಡಿಸಿ ಇಟ್ಟಿದ್ದ ಕಾಲದ ಹೆಸರದು. ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ತನ್ನ ಪ್ರತಿಷ್ಠಿತ ಪಂದ್ಯವನ್ನೇ ಅಟ್ಲಾಂಟಾದಿಂದ ಡೆನ್ವರ್‌ಗೆ ಸಾಗಿಸಿತು. ಆದರೆ 2022ರ ಮಧ್ಯಂತರ ಚುನಾವಣೆಯಲ್ಲಿ ಜಾರ್ಜಿಯಾದ ಮುಂಗಡ ಮತದಾನ ಜೋರಾಗಿಯೇ ನಡೆಯಿತು. ಜಾರ್ಜಿಯಾ ವಿಶ್ವವಿದ್ಯಾಲಯದ ಸಮೀಕ್ಷೆಯಲ್ಲಿ ಮತ ಹಾಕಿದ ಅನುಭವ ಕೆಟ್ಟದಾಗಿತ್ತು ಎಂದ ಕಪ್ಪು ಮತದಾರರ ಪ್ರಮಾಣ ಶೂನ್ಯ. ‘ಎಲ್ಲಿದೆ ನಿಮ್ಮ ದಮನ?’ ಎಂದು ರಿಪಬ್ಲಿಕನ್ನರು ಕೇಳಿದರು.

ಕೇಳುವ ಹಕ್ಕು ಅವರಿಗಿದೆ. ಬೈಡನ್ ಬಳಸಿದ ಹೋಲಿಕೆ ಅತಿಯಾಯಿತು ಎಂಬುದನ್ನು ಒಪ್ಪಲೇಬೇಕು. ಆದರೂ ಒಟ್ಟು ಮತದಾನದ ಪ್ರಮಾಣವೊಂದನ್ನೇ ಹಿಡಿದು ಕಾನೂನಿನ ನ್ಯಾಯ ಅನ್ಯಾಯ ತೀರ್ಮಾನಿಸುವುದು ತಪ್ಪು ದಾರಿ. ಅಡ್ಡಿ ಎದುರಾದಾಗ ಜನ ಪಟ್ಟು ಹಿಡಿದು ಬರುತ್ತಾರೆ. ಚರ್ಚುಗಳು ಬಸ್ಸು ಹೊರಡಿಸುತ್ತವೆ, ಸಂಘಟನೆಗಳು ಮನೆಮನೆಗೆ ಹೋಗಿ ಎಚ್ಚರಿಸುತ್ತವೆ. ಈ ಶ್ರಮ, ಈ ಹಣ, ಸಾಲಿನಲ್ಲಿ ಕಳೆದ ಅರ್ಧ ದಿನದ ಕೂಲಿ ಯಾವುದೂ ಮತ ಎಣಿಕೆಯಲ್ಲಿ ಕಾಣುವುದಿಲ್ಲ. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಸಿಗದೆ 2022ರ ಡಿಸೆಂಬರ್‌ನಲ್ಲಿ ನಡೆದ ಮರುಸ್ಪರ್ಧೆಯಲ್ಲಿ ಗೆದ್ದ ಸೆನೆಟರ್ ರಾಫೆಲ್ ವಾರ್ನಾಕ್ ಇದನ್ನೇ ಹೇಳಿದರು: ಜನ ಮಳೆ ಚಳಿಯಲ್ಲಿ ನಿಂತು ಮತ ಹಾಕಿದರು ಎಂಬ ಕಾರಣಕ್ಕೆ ಅಡ್ಡಿಯೇ ಇರಲಿಲ್ಲ ಎನ್ನಲಾಗದು. ಆ ಮರುಸ್ಪರ್ಧೆಗೆ ಹಿಂದೆ ಇದ್ದ ಒಂಬತ್ತು ವಾರಗಳ ಅವಕಾಶವನ್ನು ಹೊಸ ಕಾಯ್ದೆ ನಾಲ್ಕು ವಾರಕ್ಕೆ ಇಳಿಸಿತ್ತು. ಒಂದು ಶನಿವಾರದ ಮುಂಗಡ ಮತದಾನ ಪಡೆಯಲೂ ವಾರ್ನಾಕ್ ಅವರ ಕಡೆಯವರು ಕೋರ್ಟು ಮೆಟ್ಟಿಲು ಹತ್ತಬೇಕಾಯಿತು.

ಗುರುತಿನ ಚೀಟಿ ಕೇಳಿದರೆ ತಪ್ಪೇನು ಎಂದು ನಮ್ಮವರಿಗೆ ಅನ್ನಿಸುವುದು ಸಹಜ. ಭಾರತದಲ್ಲಿ ಮತದಾರರ ಚೀಟಿಯನ್ನು ಚುನಾವಣಾ ಆಯೋಗವೇ ಮಾಡಿಕೊಡುತ್ತದೆ. ಅದಿಲ್ಲದಿದ್ದರೆ ತೋರಿಸಲು ಬೇರೆ ದಾಖಲೆಗಳ ಪಟ್ಟಿಯಿದೆ. ಮತಗಟ್ಟೆ ಎರಡು ಕಿಲೋಮೀಟರ್ ಒಳಗಿರಬೇಕು ಎಂಬ ನಿಯಮವಿದೆ, ಮತದಾನದ ದಿನ ಸಂಬಳಸಹಿತ ರಜೆಯಿದೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದು ಗುರುತಿನ ಚೀಟಿ ಇಲ್ಲ. ಮತದಾನ ನಡೆಯುವುದು ಮಂಗಳವಾರ, ಅದು ರಾಷ್ಟ್ರೀಯ ರಜೆಯಲ್ಲ. ಪಟ್ಟಿ, ಮತಗಟ್ಟೆ, ಸಮಯ ಎಲ್ಲವೂ ಆಯಾ ರಾಜ್ಯಗಳ ಕೈಯಲ್ಲಿ, ಅಂದರೆ ಮುಂದಿನ ಚುನಾವಣೆಯಲ್ಲಿ ತಾವೇ ಸ್ಪರ್ಧಿಸಲಿರುವ ಶಾಸಕರ ಕೈಯಲ್ಲಿ. ಹಾಗಾಗಿ ಯಾವ ಚೀಟಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ಬಿಡಿಸಿ ನೋಡಲೇಬೇಕು.

ಟೆಕ್ಸಸ್ 2011ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ಪಿಸ್ತೂಲು ಇಟ್ಟುಕೊಳ್ಳುವ ಪರವಾನಗಿ ತೋರಿಸಿ ಮತ ಹಾಕಬಹುದಿತ್ತು. ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಾರ್ಡ್ ನಡೆಯುತ್ತಿರಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದೂ ಒಪ್ಪಿಗೆಯ ಚೀಟಿ ಇಲ್ಲದವರು ಸುಮಾರು 6 ಲಕ್ಷ ಮಂದಿ ಎಂದು ವಿಚಾರಣಾ ನ್ಯಾಯಾಲಯ ಲೆಕ್ಕ ಹಾಕಿತು.

ನಾರ್ತ್ ಡಕೋಟಾದ ಕಥೆ ಇನ್ನೂ ಕಣ್ಣಿಗೆ ಕಟ್ಟುವಂಥದ್ದು. ಅಲ್ಲಿ ಗುರುತಿನ ಚೀಟಿಯಲ್ಲಿ ಮನೆಯ ಬೀದಿ ವಿಳಾಸ ಇರಬೇಕೆಂಬ ನಿಯಮ ಬಂತು. ಮೂಲನಿವಾಸಿಗಳ ಮೀಸಲು ಪ್ರದೇಶಗಳಲ್ಲಿ ಎಷ್ಟೋ ಮನೆಗಳಿಗೆ ಬೀದಿ ಹೆಸರಿಲ್ಲ, ಮನೆ ನಂಬರಿಲ್ಲ; ಜನ ಕಾಗದಪತ್ರ ತರಿಸಿಕೊಳ್ಳುವುದು ಅಂಚೆ ಕಚೇರಿಯ ಪೆಟ್ಟಿಗೆ ಸಂಖ್ಯೆಗೆ. ಈ ನಿಯಮ ಜಾರಿಗೆ ಬರಲು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ದಾರಿ ಬಿಟ್ಟಿತು. ಚುನಾವಣೆಗೆ ಉಳಿದದ್ದು ನಾಲ್ಕೇ ವಾರ. ಬುಡಕಟ್ಟು ಆಡಳಿತಗಳು ಹಗಲೂ ರಾತ್ರಿ ಹೊಸ ಚೀಟಿ ಮಾಡಿ ಪುಕ್ಕಟೆ ಹಂಚಿದವು. ಟರ್ಟಲ್ ಮೌಂಟನ್ ಮೀಸಲು ಪ್ರದೇಶದಲ್ಲಿ ಬಿಡುವಿಲ್ಲದೆ ಓಡಿದ ಮುದ್ರಣ ಯಂತ್ರ ಕಾದು ಕಾರ್ಡುಗಳೇ ಕರಗತೊಡಗಿದವು. ಜನ ಬಂದು ಮತ ಹಾಕಿದರು ನಿಜ. ಆದರೆ ಆ ಓಡಾಟದ ಖರ್ಚನ್ನು ರಾಜ್ಯ ಯಾರ ಮೇಲೆ ಹೇರಿತು ಎಂಬುದು ಮತದಾನದ ಪ್ರಮಾಣದಿಂದ ಗೊತ್ತಾಗುವುದಿಲ್ಲ.

ಉದ್ದೇಶವೇ ಬಯಲಾದದ್ದು ನಾರ್ತ್ ಕ್ಯಾರೊಲಿನಾದಲ್ಲಿ. ಕಪ್ಪು ಜನ ಯಾವ ಬಗೆಯ ಗುರುತಿನ ಚೀಟಿ ಇಟ್ಟುಕೊಂಡಿರುತ್ತಾರೆ, ಯಾವ ದಿನಗಳಲ್ಲಿ ಮತ ಹಾಕುತ್ತಾರೆ ಎಂಬ ವಿವರವನ್ನು ಶಾಸನಸಭೆ ಮೊದಲು ತರಿಸಿಕೊಂಡಿತು. ಆಮೇಲೆ ಮುಂಗಡ ಮತದಾನವನ್ನು 17 ದಿನದಿಂದ 10ಕ್ಕೆ ಕತ್ತರಿಸಿತು. ಕಪ್ಪು ಜನ ಪ್ರಾರ್ಥನೆ ಮುಗಿಸಿ ಚರ್ಚಿನಿಂದ ನೇರವಾಗಿ ಮತಗಟ್ಟೆಗೆ ಹೋಗುವ ಎರಡು ಭಾನುವಾರಗಳಲ್ಲಿ ಒಂದು ಹಾರಿಹೋಯಿತು. ಸ್ಥಳದಲ್ಲೇ ಹೆಸರು ನೋಂದಾಯಿಸಿ ಮತ ಹಾಕುವ ಸೌಲಭ್ಯ ರದ್ದಾಯಿತು. ಆಫ್ರಿಕನ್ ಅಮೆರಿಕನ್ನರನ್ನೇ ಶಸ್ತ್ರಚಿಕಿತ್ಸೆಯಷ್ಟು ಕರಾರುವಾಕ್ಕಾಗಿ ಗುರಿಯಿಟ್ಟ ಕಾನೂನು ಇದು ಎಂದು ಮೇಲ್ಮನವಿ ನ್ಯಾಯಾಲಯ 2016ರ ಜುಲೈನಲ್ಲಿ ಅದನ್ನು ಹೊಡೆದುಹಾಕಿತು.

ಈ ಕಾನೂನುಗಳು ತಡೆಯಲು ಹೊರಟ ಪಿಡುಗು ಎಷ್ಟು ದೊಡ್ಡದು? ಮತಗಟ್ಟೆಯಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಮತ ಹಾಕಿದ ನಂಬಲರ್ಹ ಪ್ರಕರಣಗಳನ್ನು ಕಾನೂನು ಪ್ರಾಧ್ಯಾಪಕ ಜಸ್ಟಿನ್ ಲೆವಿಟ್ ಹುಡುಕಿದರು. 2000ದಿಂದ 2014ರವರೆಗೆ ಚಲಾವಣೆಯಾದ 100 ಕೋಟಿಗೂ ಹೆಚ್ಚು ಮತಗಳಲ್ಲಿ ಅವರಿಗೆ ಸಿಕ್ಕಿದ್ದು 31. ಇತ್ತ, ಕಟ್ಟುನಿಟ್ಟಿನ ಚೀಟಿ ಕಾನೂನುಗಳಿಂದ ಮತದಾನ ಗಣನೀಯವಾಗಿ ಇಳಿದದ್ದಕ್ಕೆ ಪುರಾವೆಯಿಲ್ಲ, ಯಾವ ಜನಾಂಗದಲ್ಲೂ ಇಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಎನ್ರಿಕೊ ಕಾಂಟೋನಿ ಮತ್ತು ವಿನ್ಸೆಂಟ್ ಪಾನ್ಸ್ 2008ರಿಂದ 2018ರವರೆಗಿನ ದತ್ತಾಂಶ ಜಾಲಾಡಿ ತೋರಿಸಿದರು. ದಮನದ ವಾದ ಮಾಡುವವರು ಈ ಅಧ್ಯಯನವನ್ನು ಕಡೆಗಣಿಸುವಂತಿಲ್ಲ. ಅದೇ ಅಧ್ಯಯನ, ಆ ಕಾನೂನುಗಳಿಂದ ವಂಚನೆಯೂ ಕಡಿಮೆಯಾಗಿಲ್ಲ ಎಂದು ಹೇಳಿದ್ದನ್ನು ಕಾನೂನಿನ ಪರ ಇರುವವರೂ ಓದಬೇಕು.

ಚೀಟಿಯೊಂದನ್ನೇ ನೋಡದೆ ಮತಗಟ್ಟೆ ಮುಚ್ಚುವುದು, ಪಟ್ಟಿಯಿಂದ ಹೆಸರು ತೆಗೆಯುವುದು, ಸಮಯ ಕಡಿತ ಎಲ್ಲವನ್ನೂ ಸೇರಿಸಿದರೆ ಚಿತ್ರ ಬದಲಾಗುತ್ತದೆ. ಬ್ರೆನ್ನನ್ ಸೆಂಟರ್ ಎಂಬ ಸಂಶೋಧನಾ ಸಂಸ್ಥೆ 2024ರಲ್ಲಿ ಹೊರತಂದ ಅಧ್ಯಯನ, ಬಿಳಿಯರ ಮತ್ತು ಬಿಳಿಯರಲ್ಲದವರ ಮತದಾನದ ನಡುವಿನ ಅಂತರ 2013ರ ಬಳಿಕ ಕೆಲವು ಪ್ರದೇಶಗಳಲ್ಲಿ ಉಳಿದೆಡೆಗಿಂತ ಬೇಗ ಹಿಗ್ಗಿದ್ದನ್ನು ಗುರುತಿಸಿತು. ಒಂದು ಕಾಲದಲ್ಲಿ ಕೇಂದ್ರದ ಅಪ್ಪಣೆ ಇಲ್ಲದೆ ಚುನಾವಣಾ ನಿಯಮ ಬದಲಿಸುವಂತಿರದಿದ್ದ ಪ್ರದೇಶಗಳವು.

ಆ ಅಪ್ಪಣೆಯ ಕತೆಯೇ ಈ ಇಡೀ ವಿವಾದದ ಕೀಲಿ. ಸಂವಿಧಾನಕ್ಕೆ 1870ರಲ್ಲಿ ಬಂದ 15ನೇ ತಿದ್ದುಪಡಿ ಕಪ್ಪು ಪುರುಷರಿಗೆ ಮತದ ಹಕ್ಕು ಕೊಟ್ಟಿತ್ತು. ದಕ್ಷಿಣದ ರಾಜ್ಯಗಳು ಅಕ್ಷರ ಪರೀಕ್ಷೆ, ತಲೆಗಂದಾಯಗಳಂಥ ಉಪಾಯಗಳಿಂದ ಅದನ್ನು ಕಾಗದದಲ್ಲೇ ಉಳಿಸಿದವು. ಆ ನಿಯಮಗಳಲ್ಲಿ ಜನಾಂಗದ ಹೆಸರೇ ಇರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಒಂದು ಉಪಾಯವನ್ನು ಕೋರ್ಟು ರದ್ದು ಮಾಡಿದರೆ ಇನ್ನೊಂದು ಸಿದ್ಧವಿರುತ್ತಿತ್ತು. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ, ಮತದ ಹಕ್ಕಿಗಾಗಿ ಸೇತುವೆ ದಾಟಿ ಮೆರವಣಿಗೆ ಹೊರಟಿದ್ದ ಹೋರಾಟಗಾರ ಜಾನ್ ಲೂಯಿಸ್ ಮತ್ತು ಸಂಗಡಿಗರ ಮೇಲೆ ಪೊಲೀಸರು ಲಾಠಿ ಬೀಸಿದ್ದನ್ನು ದೇಶ ಕಂಡಿತು. ಆಗಸ್ಟ್ 6ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನದ ಹಕ್ಕು ಕಾಯ್ದೆಗೆ ಸಹಿ ಹಾಕಿದರು. ತಾರತಮ್ಯದ ಇತಿಹಾಸವಿರುವ ರಾಜ್ಯಗಳು ನಿಯಮ ಬದಲಿಸುವ ಮೊದಲು, ಇದರಿಂದ ಅಲ್ಪಸಂಖ್ಯಾತರಿಗೆ ತೊಂದರೆಯಿಲ್ಲ ಎಂದು ತಾವೇ ತೋರಿಸಿ ಪೂರ್ವಾನುಮತಿ ಪಡೆಯಬೇಕಾಯಿತು. ಮಿಸಿಸಿಪ್ಪಿಯಲ್ಲಿ ಶೇ 7ಕ್ಕೂ ಕಡಿಮೆಯಿದ್ದ ಕಪ್ಪು ಮತದಾರರ ನೋಂದಣಿ ಎರಡೇ ವರ್ಷದಲ್ಲಿ ಶೇ 60ರ ಹತ್ತಿರ ಬಂತು. 2006ರಲ್ಲಿ ಈ ವ್ಯವಸ್ಥೆಯನ್ನು ಮುಂದುವರಿಸುವ ಮಸೂದೆಗೆ ಸೆನೆಟ್‌ನಲ್ಲಿ 98 ಮತ ಬಿದ್ದವು. ವಿರೋಧಿಸಿದವರು ಒಬ್ಬರೂ ಇಲ್ಲ.

2013ರ ಜೂನ್ 25ರಂದು ಶೆಲ್ಬಿ ಕೌಂಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಯಾವ ರಾಜ್ಯಗಳಿಗೆ ಪೂರ್ವಾನುಮತಿ ಬೇಕು ಎಂದು ನಿರ್ಧರಿಸುವ ಸೂತ್ರವನ್ನು ರದ್ದು ಮಾಡಿತು. 60 ಮತ್ತು 70ರ ದಶಕದ ಅಂಕಿಅಂಶ ಹಿಡಿದು ಇಂದಿನ ರಾಜ್ಯಗಳನ್ನು ಕಟ್ಟಿಹಾಕಲಾಗದು ಎಂಬುದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರ ತರ್ಕ. ಮಳೆಯಲ್ಲಿ ನೆನೆಯುತ್ತಿಲ್ಲವೆಂದು ಹಿಡಿದ ಕೊಡೆಯನ್ನೇ ಎಸೆದಂತೆ ಎಂದರು ಭಿನ್ನಮತದ ತೀರ್ಪು ಬರೆದ ರೂತ್ ಬೇಡರ್ ಗಿನ್ಸ್‌ಬರ್ಗ್. ಅಂದೇ ಟೆಕ್ಸಸ್ ತನ್ನ ಚೀಟಿ ಕಾಯ್ದೆ ಜಾರಿ ಮಾಡುವುದಾಗಿ ಸಾರಿತು. ನಾರ್ತ್ ಕ್ಯಾರೊಲಿನಾದ ಕಾಯ್ದೆಗೆ ಸಹಿ ಬಿದ್ದದ್ದು ಏಳು ವಾರಗಳಲ್ಲಿ.

ಅಂದು ತಿರುವುಮುರುವಾದದ್ದು ಪುರಾವೆಯ ಹೊಣೆ. ಅದುವರೆಗೆ ತಾನು ಅನ್ಯಾಯ ಮಾಡುತ್ತಿಲ್ಲ ಎಂದು ರಾಜ್ಯ ತೋರಿಸಬೇಕಿತ್ತು; ಆಮೇಲೆ ತನಗೆ ಅನ್ಯಾಯವಾಯಿತೆಂದು ಮತದಾರ ತೋರಿಸಬೇಕಾಯಿತು. ತಜ್ಞರು, ವಕೀಲರು, ವರ್ಷಗಟ್ಟಲೆ ವಿಚಾರಣೆ, ಎಲ್ಲ ಅವನ ಪಾಲಿಗೆ. ನಾರ್ತ್ ಕ್ಯಾರೊಲಿನಾದಲ್ಲಿ ನ್ಯಾಯ ಸಿಗಲು ಮೂರು ವರ್ಷ ಹಿಡಿಯಿತು. ನಡುವೆ 2014ರ ಚುನಾವಣೆ ಬಹುಪಾಲು ಆ ಕಾನೂನಿನಡಿಯಲ್ಲೇ ನಡೆದುಹೋಯಿತು. 2021ರಲ್ಲಿ ಅರಿಜೋನಾದ ಬ್ರನೋವಿಚ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಆ ಹೊಣೆಯನ್ನು ಇನ್ನಷ್ಟು ಭಾರ ಮಾಡಿತು. ಜಾರ್ಜಿಯಾ ಕಾಯ್ದೆಯ ವಿರುದ್ಧ ಬೈಡನ್ ಕಾಲದಲ್ಲಿ ನ್ಯಾಯ ಇಲಾಖೆ ಹೂಡಿದ್ದ ದಾವೆಯನ್ನು ಟ್ರಂಪ್ ಆಡಳಿತ 2025ರ ಮಾರ್ಚ್‌ನಲ್ಲಿ ಹಿಂತೆಗೆದುಕೊಂಡಿತು. ಕೇಂದ್ರದ ಬೆಂಬಲ ಹೋದ ಮೇಲೆ ಆ ಹೋರಾಟ ಖಾಸಗಿ ಸಂಘಟನೆಗಳ ತಲೆಗೆ ಬಂತು.

ರಾಬರ್ಟ್ಸ್ ಅವರ ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾಗದು. ಹಳೆಯ ಅಂಕಿಅಂಶದ ಮೇಲೆ ನಿಂತ ಸೂತ್ರ ಬದಲಾಗಬೇಕಿತ್ತು. ಇತ್ತೀಚಿನ ಉಲ್ಲಂಘನೆಗಳನ್ನು ಎಣಿಸಿ ಹೊಸ ಸೂತ್ರ ರೂಪಿಸಿದ ಮಸೂದೆ, ಜಾನ್ ಲೂಯಿಸ್ ಅವರ ಹೆಸರಿನದೇ, 2021ರ ಆಗಸ್ಟ್‌ನಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಯಿತು, ಸೆನೆಟ್‌ನಲ್ಲಿ ಸಿಕ್ಕಿಕೊಂಡಿತು. ಅದಕ್ಕೆ ಮತ್ತೆ ಜೀವ ಬರಬೇಕು. ಅಲ್ಲಿಯವರೆಗೆ ರಾಜ್ಯಗಳಾದರೂ ಹೊಸ ನಿಯಮ ತರುವ ಮುನ್ನ ಮೂರು ಲೆಕ್ಕ ಜನರ ಮುಂದಿಡಲಿ: ಯಾವ ವಂಚನೆ ಎಷ್ಟು ನಡೆದಿದೆ, ಈ ನಿಯಮದಿಂದ ಅದು ಎಷ್ಟು ತಗ್ಗುತ್ತದೆ, ಇದರ ತೊಂದರೆ ಯಾವ ಕೌಂಟಿಯ ಯಾವ ಜನರಿಗೆ ಹೆಚ್ಚು ತಟ್ಟುತ್ತದೆ. ಯಾರು ಯಾವ ದಿನ ಮತ ಹಾಕುತ್ತಾರೆ ಎಂಬ ವಿವರ ತರಿಸಿಕೊಳ್ಳಬಲ್ಲ ಶಾಸನಸಭೆಗಳಿಗೆ ಇಷ್ಟು ಲೆಕ್ಕ ಕೊಡುವುದು ಕಷ್ಟವೇನಲ್ಲ.