ಅಪರಿಚಿತ ಖರೀದಿದಾರರಿಗೆ ಬರೆಯುವ ಮೊದಲ ಪತ್ರ

ಕಳೆದ ಆರ್ಥಿಕ ವರ್ಷದ ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗಗಳನ್ನು ತಯಾರಿಸುವ ನನ್ನ ಕಕ್ಷಿದಾರರೊಬ್ಬರ ಪುಸ್ತಕಗಳಲ್ಲಿ ಒಂದು ವೋಚರು ಕಣ್ಣಿಗೆ ಬಿದ್ದಿತು. ‘ಇ-ಮೇಲ್ ವಿಳಾಸಗಳ ಖರೀದಿ – ರೂ. 18,000’ ಎಂದು ಅದರಲ್ಲಿ ನಮೂದಾಗಿತ್ತು. ಈ ವೆಚ್ಚದಿಂದ ಬಂದ ವ್ಯಾಪಾರವೆಷ್ಟೆಂದು ವಿಚಾರಿಸಿದೆ. ಸುಮಾರು ಎರಡು ಸಾವಿರ ವಿಳಾಸಗಳಿಗೆ ಒಂದೇ ಪತ್ರವನ್ನು ಕಳುಹಿಸಲಾಗಿತ್ತು. ಬಂದ ಉತ್ತರಗಳು ಮೂರು. ಅವುಗಳಲ್ಲಿ ಎರಡು, ‘ಇನ್ನು ಮುಂದೆ ನಮಗೆ ಬರೆಯಬೇಡಿ’ ಎಂಬವು.

“ನಮ್ಮ ಇಂಗ್ಲಿಷ್ ಸರಿಯಿಲ್ಲರೀ, ಅದಕ್ಕ ಯಾರೂ ಉತ್ತರ ಕೊಡೂದಿಲ್ಲ” ಎಂದು ಅವರು ನೊಂದು ನುಡಿದರು. ಪತ್ರವನ್ನು ತರಿಸಿ ಓದಿದೆ. ಭಾಷೆಯಲ್ಲಿ ಹೇಳಿಕೊಳ್ಳುವಂತಹ ದೋಷವಿರಲಿಲ್ಲ. ಸಂಸ್ಥೆಯ ಸ್ಥಾಪನೆಯ ವರ್ಷ, ತಂದೆಯವರ ದೂರದೃಷ್ಟಿ, ಗುಣಮಟ್ಟವೇ ನಮ್ಮ ಧ್ಯೇಯವೆಂಬ ಘೋಷಣೆ, ಸ್ಪರ್ಧಾತ್ಮಕ ದರದ ಭರವಸೆ, ಜೊತೆಗೆ 9 ಎಂ.ಬಿ. ಗಾತ್ರದ ಕೈಪಿಡಿ – ಎಲ್ಲವೂ ಇದ್ದವು. ಆದರೆ ಪಂಪು ತಯಾರಕರಿಗೂ ಬಿಸ್ಕತ್ತು ತಯಾರಕರಿಗೂ ಅದನ್ನು ಹಾಗೆಯೇ ಕಳುಹಿಸಬಹುದಾಗಿತ್ತು. ಎಲ್ಲರಿಗೂ ಬರೆದ ಪತ್ರಕ್ಕೆ ಉತ್ತರಿಸುವ ಹೊಣೆ ಯಾರಿಗೂ ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಖರೀದಿ ಅಧಿಕಾರಿಯ ಮೇಜಿನಿಂದ

ಪತ್ರವನ್ನು ಪಡೆಯುವವರ ಸ್ಥಾನದಲ್ಲಿ ನಿಂತು ಒಮ್ಮೆ ಯೋಚಿಸೋಣ. ಖರೀದಿ ಅಧಿಕಾರಿಗೆ ಈಗಾಗಲೇ ಒಬ್ಬ ಸರಬರಾಜುದಾರನಿದ್ದಾನೆ. ಹೊಸಬರನ್ನು ಸೇರಿಸಿಕೊಳ್ಳುವುದೆಂದರೆ ಹೊಸ ಪ್ಯಾಟರ್ನ್, ಮಾದರಿ ಪರೀಕ್ಷೆ, ಮಾಲು ತಿರಸ್ಕೃತವಾದರೆ ಮೇಲಧಿಕಾರಿಗಳಿಗೆ ಸಮಜಾಯಿಷಿ. ಇಷ್ಟು ಶ್ರಮವನ್ನು ಅವರು ವಹಿಸಬೇಕಾದರೆ ಕಾರಣ ಬೇಕು. ಹಳೆಯ ಸರಬರಾಜುದಾರನಿಂದ ವಿಳಂಬ, ಹೊಸ ಉತ್ಪನ್ನದ ಆರಂಭ, ಇಲ್ಲವೇ ಒಬ್ಬನನ್ನೇ ನೆಚ್ಚಿಕೊಂಡಿರುವ ಆತಂಕ – ಈ ಮೂರರಲ್ಲಿ ಒಂದು ಅವರನ್ನು ಕಾಡುತ್ತಿರುವಾಗ ನಮ್ಮ ಪತ್ರ ಕೈಸೇರಿದರೆ ಮಾತ್ರ ಅದು ಓದಿಸಿಕೊಳ್ಳುತ್ತದೆ. ಆದ್ದರಿಂದ ನಮ್ಮ ಇತಿಹಾಸಕ್ಕಿಂತ ಮುಂಚೆ ಅವರ ಅಗತ್ಯವನ್ನು ಅರಿಯಬೇಕು.

ನನ್ನ ಕಕ್ಷಿದಾರರು ನನ್ನ ಸಲಹೆಯಂತೆ ಪಟ್ಟಿಯನ್ನು ಬದಿಗಿರಿಸಿ, ಪುಣೆ ಭಾಗದ ಹದಿನೈದು ಪಂಪು ತಯಾರಕರನ್ನಷ್ಟೇ ಆರಿಸಿಕೊಂಡರು. ಪ್ರತಿಯೊಬ್ಬರ ಉತ್ಪನ್ನಗಳ ವಿವರವನ್ನು ಓದಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಪತ್ರ ಬರೆದರು. ವಿಷಯದ ಸಾಲಿನಲ್ಲಿ ‘ವ್ಯಾಪಾರ ಪ್ರಸ್ತಾವ’ ಎಂಬ ಸವಕಲು ಮಾತಿನ ಬದಲು, ‘ಪಂಪಿನ ಕವಚಗಳ ಎರಕ, ಎಫ್‌ಜಿ 260, 5ರಿಂದ 25 ಕೆ.ಜಿ.’ ಎಂದು ನಮೂದಿಸಿದರು. ಪತ್ರದ ಸಾರಾಂಶ ಹೀಗಿತ್ತು:

“ತಮ್ಮ ಹೊಸ ಕೃಷಿ ಪಂಪುಗಳ ವಿವರಗಳನ್ನು ಗಮನಿಸಿದೆವು. ಅಂತಹ ಪಂಪುಗಳ ಕವಚಗಳನ್ನು ಐಎಸ್ 210ರ ಎಫ್‌ಜಿ 260 ದರ್ಜೆಯಲ್ಲಿ ನಾವು ಎರಕ ಹೊಯ್ಯುತ್ತೇವೆ. ಪ್ರತಿ ಸರಕಿನೊಂದಿಗೆ ಪರೀಕ್ಷಾ ವರದಿಯನ್ನು ಕೊಡುತ್ತೇವೆ. ಸದ್ಯ ನಮ್ಮಲ್ಲಿ ತಿಂಗಳಿಗೆ 12 ಟನ್ ಸಾಮರ್ಥ್ಯ ಬಿಡುವಿದೆ. ಬೆಳಗಾವಿಯಿಂದ ತಮ್ಮಲ್ಲಿಗೆ ಲಾರಿಯ ಪ್ರಯಾಣ ಒಂದು ರಾತ್ರಿ. ಯಾವುದಾದರೂ ಒಂದು ಬಿಡಿಭಾಗದ ನಕ್ಷೆಯನ್ನು ಕಳುಹಿಸಿದರೆ ಮೂರು ಕೆಲಸದ ದಿನಗಳೊಳಗೆ ದರ ತಿಳಿಸುತ್ತೇವೆ. ಈ ವಿಷಯವನ್ನು ತಮ್ಮಲ್ಲಿ ಬೇರೆಯವರು ನೋಡಿಕೊಳ್ಳುತ್ತಿದ್ದರೆ, ಯಾರಿಗೆ ಬರೆಯಬೇಕೆಂದು ತಿಳಿಸಿದರೂ ಉಪಕಾರವಾಗುತ್ತದೆ.”

ಹದಿನೈದು ಪತ್ರಗಳಿಗೆ ಆರು ಉತ್ತರಗಳು ಬಂದವು. ಇಬ್ಬರು ನಕ್ಷೆ ಕಳುಹಿಸಿದರು. ಒಬ್ಬರಿಂದ ಪ್ರಾಯೋಗಿಕ ಆದೇಶ ಬಂದಿತು. ಇದು ಮಹಾಸಾಧನೆಯೇನೂ ಅಲ್ಲ. ಆದರೆ ವೆಚ್ಚವಾದದ್ದು ನಾಲ್ಕು ಸಂಜೆಗಳ ಶ್ರಮ ಮಾತ್ರ. ‘ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು’ ಎಂದು ಹಿರಿಯರು ಹೇಳಿದ್ದು ಇಂತಹ ಕೆಲಸಕ್ಕೇ ಇರಬೇಕು.

ಈ ಪತ್ರದಲ್ಲಿ ಗಮನಿಸಬೇಕಾದದ್ದು ಕೊನೆಯ ಕೋರಿಕೆ. ‘ನಮಗೆ ವ್ಯಾಪಾರ ಕೊಡಿ’ ಎಂದು ಕೇಳಿದರೆ ಅಪರಿಚಿತರು ಹಿಂಜರಿಯುತ್ತಾರೆ. ಒಂದು ನಕ್ಷೆ ಅಥವಾ ಒಂದು ಹೆಸರು ಕೇಳಿದರೆ ಎರಡು ನಿಮಿಷದಲ್ಲಿ ಉತ್ತರಿಸಬಹುದು.

ನಂಬಿಕೆಗೆ ಆಧಾರ

ವೋಚರಿಲ್ಲದ ನಮೂದನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ. ಇ-ಮೇಲ್ ವಂಚನೆಗಳು ಹೆಚ್ಚಿರುವ ಈ ಕಾಲದಲ್ಲಿ ಖರೀದಿದಾರರೂ ಅದೇ ದೃಷ್ಟಿಯಿಂದ ನೋಡುತ್ತಾರೆ. ಆದ್ದರಿಂದ ಪತ್ರದ ಕೊನೆಯಲ್ಲಿ ಕಾರ್ಖಾನೆಯ ಪೂರ್ಣ ವಿಳಾಸ, ದೂರವಾಣಿ, 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಹಾಗೂ ಉದ್ಯಮ್ ನೋಂದಣಿ ಸಂಖ್ಯೆಗಳನ್ನು ಕೊಡಬೇಕು. ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ರಫ್ತಿನ ಉದ್ದೇಶವಿದ್ದರೆ ಎಚ್‌ಎಸ್ ಸಂಕೇತವನ್ನೂ ನಮೂದಿಸುವುದು ಒಳ್ಳೆಯದು. ಅದರ ಮೊದಲ 6 ಅಂಕಿಗಳು ಆ ಪದ್ಧತಿಯನ್ನು ಅನುಸರಿಸುವ ಎಲ್ಲ ದೇಶಗಳಲ್ಲೂ ಒಂದೇ ಆಗಿರುವುದರಿಂದ ವಿದೇಶಿ ಖರೀದಿದಾರರಿಗೆ ಸುಂಕದ ಲೆಕ್ಕ ಸುಲಭವಾಗುತ್ತದೆ. ಬ್ಯಾಂಕ್ ಖಾತೆಯ ವಿವರಗಳನ್ನು ಮಾತ್ರ ಮೊದಲ ಪತ್ರದಲ್ಲಿ ಕೊಡಬಾರದು. ದೊಡ್ಡ ಕಡತಗಳನ್ನು ಲಗತ್ತಿಸುವುದೂ ಬೇಡ.

ಸಗಟು ಪತ್ರಗಳ ಅಪಾಯ

ಸಾವಿರಾರು ಪತ್ರಗಳನ್ನು ಕಳುಹಿಸಿದರೆ ನಷ್ಟವೇನು ಎಂದು ಕೆಲವರು ಕೇಳಬಹುದು. ಪಡೆದವರು ಅದನ್ನು ‘ಸ್ಪ್ಯಾಮ್’ ಎಂದು ಗುರುತಿಸುತ್ತ ಹೋದಂತೆ ನಮ್ಮ ಇ-ಮೇಲ್ ವಿಳಾಸದ ಡೊಮೇನಿಗೇ ಕಳಂಕ ತಗಲುತ್ತದೆ. ಆಗ ಹಳೆಯ ಗ್ರಾಹಕರಿಗೆ ಕಳುಹಿಸುವ ಇನ್‌ವಾಯ್ಸುಗಳೂ ಬಾಕಿ ಜ್ಞಾಪನೆಗಳೂ ಕಸದ ಕಡತಕ್ಕೆ ಬೀಳಬಹುದು. ಗೂಗಲ್ ಮತ್ತು ಯಾಹೂ ಸಂಸ್ಥೆಗಳು 2024ರ ಫೆಬ್ರವರಿಯಿಂದ ತಮ್ಮ ನಿಯಮಗಳನ್ನು ಬಿಗಿಗೊಳಿಸಿದವು. ಸಗಟಾಗಿ ಕಳುಹಿಸುವವರ ಮೇಲಿನ ದೂರುಗಳ ಪ್ರಮಾಣ ಶೇಕಡಾ 0.3ಕ್ಕಿಂತ ಕಡಿಮೆ ಇರಬೇಕೆಂದು ವಿಧಿಸಿದವು. ಸಣ್ಣ ಪ್ರಮಾಣದಲ್ಲಿ ಕಳುಹಿಸುವವರೂ ಡೊಮೇನಿನ ದೃಢೀಕರಣ ಮಾಡಿಸಿರಬೇಕು. ತಮ್ಮ ಕಂಪ್ಯೂಟರ್ ನಿರ್ವಾಹಕರನ್ನು ಎಸ್‌ಪಿಎಫ್ ಮತ್ತು ಡಿಕೆಐಎಂ ಅಳವಡಿಸಲಾಗಿದೆಯೇ ಎಂದು ಇಂದೇ ಕೇಳುವುದು ಲೇಸು.

ಕಾನೂನಿನ ಅಂಶವೂ ಇದೆ. ಜರ್ಮನಿಯಲ್ಲಿ ಪೂರ್ವಾನುಮತಿಯಿಲ್ಲದೆ ಉದ್ಯಮಗಳಿಗೂ ಜಾಹೀರಾತು ಇ-ಮೇಲ್ ಕಳುಹಿಸುವಂತಿಲ್ಲ. ಅಲ್ಲಿಯ ಖರೀದಿದಾರರನ್ನು ವಸ್ತುಪ್ರದರ್ಶನಗಳಲ್ಲಿ ಅಥವಾ ರಫ್ತು ಪ್ರೋತ್ಸಾಹಕ ಮಂಡಳಿಗಳ ಮೂಲಕ ಸಂಪರ್ಕಿಸುವುದು ಉಚಿತ. ಅಮೆರಿಕದಲ್ಲಿ 2003ರ ಕಾಯಿದೆಯಂತೆ ಕಳುಹಿಸುವವರ ಅಂಚೆ ವಿಳಾಸವನ್ನೂ, ‘ಇನ್ನು ಬೇಡ’ ಎನ್ನುವವರಿಗೆ ಅವಕಾಶವನ್ನೂ ಕೊಡಬೇಕಾಗುತ್ತದೆ.

ಉತ್ತರ ಬಂದ ಮೇಲೆ

ವಾರ-ಹತ್ತು ದಿನ ಕಳೆದರೂ ಉತ್ತರ ಬಾರದಿದ್ದರೆ ಎರಡೇ ಸಾಲಿನ ಒಂದು ಜ್ಞಾಪನೆ ಸಾಕು. ಅನಂತರವೂ ಮೌನವಿದ್ದರೆ ಅದನ್ನು ಗೌರವಿಸಬೇಕು. ಉತ್ತರ ಬಂದಾಗ ನಾವೇ ವಿಳಂಬ ಮಾಡುವುದು ಇದಕ್ಕಿಂತ ದೊಡ್ಡ ತಪ್ಪು. ಮೂರು ದಿನದೊಳಗೆ ದರ ಕೊಡುತ್ತೇವೆಂದು ಬರೆದು ಮೂರು ವಾರ ತೆಗೆದುಕೊಂಡರೆ, ಸರಬರಾಜೂ ಹೀಗೆಯೇ ಇರುತ್ತದೆಂದು ಖರೀದಿದಾರರು ಊಹಿಸುತ್ತಾರೆ. ಹಾಗೆಯೇ ಉತ್ತರಿಸಿದವರೆಲ್ಲ ಒಳ್ಳೆಯ ಗ್ರಾಹಕರೆಂದು ಭಾವಿಸಬಾರದು. ಅವರ ಜಿಎಸ್‌ಟಿ ಸಂಖ್ಯೆಯನ್ನು ನಾವೂ ಪರಿಶೀಲಿಸಬೇಕು. 2006ರ ಎಂಎಸ್‌ಎಂಇ ಅಭಿವೃದ್ಧಿ ಅಧಿನಿಯಮವು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹಣ ಪಾವತಿಸಲು ಗರಿಷ್ಠ 45 ದಿನಗಳ ಮಿತಿಯನ್ನು ವಿಧಿಸಿದೆ. ಈ ಷರತ್ತನ್ನು ದರಪಟ್ಟಿಯಲ್ಲಿಯೇ ಸೌಜನ್ಯದಿಂದ ಕಾಣಿಸುವುದು ಉತ್ತಮ.

ನಮ್ಮ ವಾಣಿಜ್ಯ ಸಂಸ್ಥೆಯಲ್ಲಿ ನನ್ನದೊಂದು ವಿನಂತಿ. ಸದಸ್ಯರು ತಾವು ಬರೆದ ಮೊದಲ ಪತ್ರಗಳನ್ನು ತಂದು, ಖರೀದಿ ವಿಭಾಗದಲ್ಲಿ ದುಡಿದ ಅನುಭವಿಗಳೆದುರು ಓದಿ ತಿದ್ದಿಸಿಕೊಳ್ಳುವ ಒಂದು ದಿನದ ಕಾರ್ಯಾಗಾರವನ್ನು ಏರ್ಪಡಿಸಬೇಕು. ಅದಕ್ಕೆ ಮುನ್ನ ಪ್ರತಿಯೊಬ್ಬರೂ ತಮ್ಮ ಹಳೆಯ ಪತ್ರವನ್ನು ತೆರೆದು, ‘ನಾವು’ ಎಂಬ ಪದ ಎಷ್ಟು ಬಾರಿ ಬಂದಿದೆ, ‘ತಾವು’ ಎಷ್ಟು ಬಾರಿ ಬಂದಿದೆ ಎಂದು ಎಣಿಸಿ ನೋಡಲಿ. ಆ ಲೆಕ್ಕಕ್ಕೆ ಚಾರ್ಟರ್ಡ್ ಅಕೌಂಟೆಂಟರ ನೆರವು ಬೇಕಾಗಲಾರದು.