ಬೋರ್ಡು ಬೀಗ ಅಲ್ಲ

ನಮ್ಮ ಕ್ಯಾಂಪಸ್‌ನಲ್ಲಿ ಸೆಕ್ಯುರಿಟಿ ಪ್ಲಸ್ ಪರೀಕ್ಷೆಗೆ ಓದ್ತಿರೋರು ಸುಮಾರು ಜನ ಇದ್ದಾರೆ. ರೆಸ್ಯೂಮೆಗೆ ಒಂದು ಸಾಲು ಸೇರತ್ತೆ, ಪ್ಲೇಸ್‌ಮೆಂಟ್ ಹೊತ್ತಿಗೆ ಉಪಯೋಗಕ್ಕೆ ಬರತ್ತೆ ಅನ್ನೋದು ಎಲ್ಲರ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೇನಿಲ್ಲ. ನನ್ನ ತಕರಾರು ಇರೋದು ಓದುವ ರೀತಿ ಬಗ್ಗೆ. ಸಿಲಬಸ್‌ನ ಮೊದಲನೇ ಟಾಪಿಕ್ಕೇ ಸೆಕ್ಯುರಿಟಿ ಕಂಟ್ರೋಲ್‌ಗಳ ವಿಧಗಳು. ಅದನ್ನ ಎಲ್ಲರೂ ಅರ್ಧ ಗಂಟೆಯಲ್ಲಿ ಮುಗಿಸ್ತಾರೆ. ನಾಲ್ಕು ಸಾಲು, ಆರು ಕಾಲಂ ಇರೋ ಒಂದು ಟೇಬಲ್, ಅದರ ಬಾಯಿಪಾಠ, ಮುಂದಿನ ಚಾಪ್ಟರ್. ನನ್ನ ಪ್ರಕಾರ ಇಡೀ ಸಿಲಬಸ್‌ನಲ್ಲಿ ಬಾಯಿಪಾಠ ಮಾಡಲೇಬಾರದ ಟಾಪಿಕ್ ಇದ್ದರೆ ಅದು ಇದೇ.

ಬೇರೆ ಬ್ರಾಂಚ್‌ನವರಿಗಾಗಿ ಸ್ವಲ್ಪ ವಿವರ. ಇದು ಕಾಂಪ್‌ಟಿಯಾ ಸಂಸ್ಥೆ ನಡೆಸುವ ಪರೀಕ್ಷೆ. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. 100ರಿಂದ 900ರವರೆಗಿನ ಸ್ಕೇಲ್‌ನಲ್ಲಿ 750 ಬಂದರೆ ಪಾಸ್. ಕಂಟ್ರೋಲ್ ಅಂದರೆ ಅಪಾಯ ಕಡಿಮೆ ಮಾಡೋಕೆ ಇಟ್ಟಿರೋ ಯಾವುದೇ ಏರ್ಪಾಡು. ಫೈರ್‌ವಾಲ್ ಒಂದು ಕಂಟ್ರೋಲ್. ಸರ್ವರ್ ರೂಮಿನ ಬೀಗ ಇನ್ನೊಂದು. 'ಪಾಸ್‌ವರ್ಡ್ ಯಾರಿಗೂ ಕೊಡಬೇಡಿ' ಅನ್ನೋ ಸುತ್ತೋಲೆ ಮತ್ತೊಂದು.

ಒಂದೊಂದು ಕಂಟ್ರೋಲ್‌ಗೂ ಎರಡು ಪ್ರಶ್ನೆ ಕೇಳಬೇಕು. ಮೊದಲನೇದು, ಇದು ಯಾರ ಅಥವಾ ಯಾವುದರ ಮೂಲಕ ನಡೆಯತ್ತೆ? ಸಿಸ್ಟಮ್ಮೇ ಮಾಡಿದರೆ ಟೆಕ್ನಿಕಲ್. ಮೇಲಿನವರು ಅಪಾಯ ಅಳೆದು ಪಾಲಿಸಿ ಬರೆದರೆ ಮ್ಯಾನೇಜೀರಿಯಲ್. ಜನ ತಮ್ಮ ದಿನದ ಕೆಲಸವಾಗಿ ಮಾಡಿದರೆ ಆಪರೇಷನಲ್. ಬೀಗ, ಬೇಲಿ ಥರ ಕೈಗೆ ಸಿಗೋ ವಸ್ತುವಾದರೆ ಫಿಸಿಕಲ್. ಇಲ್ಲಿ ಹೆಚ್ಚು ತಲೆನೋವಿಲ್ಲ. ಎರಡನೇ ಪ್ರಶ್ನೆ, ಇದು ಏನು ಮಾಡತ್ತೆ? ಎಲ್ಲರೂ ಎಡವೋದು ಇಲ್ಲಿ. ಪ್ರಿವೆಂಟಿವ್, ಡಿಟರೆಂಟ್, ಡಿಟೆಕ್ಟಿವ್, ಕರೆಕ್ಟಿವ್, ಕಾಂಪೆನ್ಸೇಟಿಂಗ್, ಡೈರೆಕ್ಟಿವ್ ಅಂತ ಆರು ಹೆಸರಿವೆ.

ನಾನು ಎಲ್‌ಕೆಜಿಯಿಂದ ಇಲ್ಲಿವರೆಗೂ ಇಂಗ್ಲಿಷ್ ಮೀಡಿಯಂ. ಟೆಕ್ನಿಕಲ್ ವಿಷಯಗಳನ್ನ ಕನ್ನಡದಲ್ಲಿ ಯೋಚಿಸಿ ಅಭ್ಯಾಸವೇ ಇಲ್ಲ. ಆದರೆ ಈ ಆರನ್ನ ಮನೇಲಿ ಅಮ್ಮನಿಗೆ ವಿವರಿಸೋವಾಗ ಒಂದು ವಿಷಯ ಗಮನಕ್ಕೆ ಬಂತು. ಇಂಗ್ಲಿಷ್‌ನಲ್ಲಿ ಇವು ವಸ್ತುಗಳ ಮೇಲೆ ಅಂಟಿಸಿದ ಲೇಬಲ್ ಥರ ಕೇಳಿಸ್ತವೆ. ಕನ್ನಡದಲ್ಲಿ ಹೇಳೋಕೆ ಹೋದರೆ ಆರೂ ಕ್ರಿಯಾಪದ ಆಗಿಬಿಡ್ತವೆ. ತಡೆಯೋದು, ಹೆದರಿಸೋದು, ಪತ್ತೆ ಹಚ್ಚೋದು, ಸರಿ ಮಾಡೋದು, ಬದಲಿಗೆ ನಿಲ್ಲೋದು, ಹೇಳೋದು. ಹೀಗೆ ಹೇಳಿದ ತಕ್ಷಣ ಕಂಟ್ರೋಲ್ ಅಂದರೆ ಒಂದು ಕೆಲಸ ಅಂತ ಅರ್ಥ ಆಗತ್ತೆ. ಒಂದೇ ವಸ್ತು ಎರಡು ಕೆಲಸ ಮಾಡಬಹುದು. ಒಂದೇ ಕೆಲಸವನ್ನ ಹತ್ತು ವಸ್ತು ಮಾಡಬಹುದು.

ಸಿಸಿ ಕ್ಯಾಮೆರಾವನ್ನೇ ತಗೊಳ್ಳಿ. 'ಸಿಸಿ ಕ್ಯಾಮೆರಾ ಯಾವ ವಿಧ?' ಅಂತ ಕೇಳಿದರೆ ಟೇಬಲ್ ಓದಿದವರು ಥಟ್ಟನೆ 'ಡಿಟೆಕ್ಟಿವ್' ಅಂತಾರೆ. ರೆಕಾರ್ಡಿಂಗ್ ನೋಡಿ ಕಳ್ಳನನ್ನ ಪತ್ತೆ ಹಚ್ಚೋದಾದರೆ ಹೌದು, ಡಿಟೆಕ್ಟಿವ್. ಕ್ಯಾಮೆರಾ ಕಂಡು ಕಳ್ಳ ವಾಪಸ್ ಹೋದರೆ ಡಿಟರೆಂಟ್. ಒಳಗೆ ಏನೂ ಇಲ್ಲದ ಖಾಲಿ ಡಬ್ಬ ಕ್ಯಾಮೆರಾ ಆದರೆ ಬರೀ ಡಿಟರೆಂಟ್, ಅದೂ ಖಾಲಿ ಅಂತ ಜನಕ್ಕೆ ಗೊತ್ತಾಗೋ ತನಕ. ಯಾವ ಕ್ಯಾಮೆರಾನೂ ಎದ್ದು ಬಂದು ಕಳ್ಳನ ಕೈ ಹಿಡಿಯಲ್ಲ, ಹಾಗಾಗಿ ಪ್ರಿವೆಂಟಿವ್ ಅಲ್ಲ. ಪರೀಕ್ಷೆಯ ಪ್ರಶ್ನೆಯಲ್ಲಿ ಕ್ಯಾಮೆರಾ ಅನ್ನೋ ಪದಕ್ಕಿಂತ ಅದನ್ನ ಯಾಕೆ ಹಾಕಿದರು ಅನ್ನೋ ಅರ್ಧ ವಾಕ್ಯ ಮುಖ್ಯ.

ಕಾಂಪೆನ್ಸೇಟಿಂಗ್ ಅಂತೂ ವಸ್ತುವನ್ನ ನೋಡಿ ಹೇಳೋಕೆ ಸಾಧ್ಯವೇ ಇಲ್ಲ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಪೋರ್ಟ್ ನಿಂತಿದ್ದು 2014ರ ಏಪ್ರಿಲ್‌ನಲ್ಲಿ. ಆದರೆ ಯಾವುದೋ ಫ್ಯಾಕ್ಟರಿಯಲ್ಲಿ ಒಂದು ದುಬಾರಿ ಮೆಷಿನ್‌ನ ಸಾಫ್ಟ್‌ವೇರ್ ಎಕ್ಸ್‌ಪಿ ಮೇಲೆ ಮಾತ್ರ ಓಡತ್ತೆ ಅಂದ್ಕೊಳ್ಳಿ. ಪ್ಯಾಚ್ ಸಿಗಲ್ಲ, ಮೆಷಿನ್ ಬಿಸಾಕೋ ಹಾಗೂ ಇಲ್ಲ. ಆಗ ಆ ಕಂಪ್ಯೂಟರನ್ನ ಇಂಟರ್‌ನೆಟ್‌ನಿಂದ ಕಿತ್ತು, ಉಳಿದ ನೆಟ್‌ವರ್ಕ್‌ನಿಂದ ದೂರ ಇಡ್ತಾರೆ. ನೆಟ್‌ವರ್ಕ್ ಬೇರೆ ಮಾಡೋದು ಸಾಮಾನ್ಯವಾಗಿ ಪ್ರಿವೆಂಟಿವ್. ಇಲ್ಲಿ ಮಾಡೋಕೆ ಆಗದ ಇನ್ನೊಂದು ಕೆಲಸದ ಬದಲಿಗೆ ನಿಂತಿರೋದರಿಂದ ಕಾಂಪೆನ್ಸೇಟಿಂಗ್. ಏನು ಇಲ್ಲ ಅಂತ ಗೊತ್ತಿಲ್ಲದೆ ಇದರ ಹೆಸರು ಹೇಳೋಕೆ ಬರಲ್ಲ.

ಇನ್ನು ನನ್ನ ಮುಖ್ಯ ವಿಷಯ, ಡೈರೆಕ್ಟಿವ್. ಅಂದರೆ 'ಹೀಗೆ ಮಾಡಿ, ಹಾಗೆ ಮಾಡಬೇಡಿ' ಅಂತ ಹೇಳೋದು. ಪಾಲಿಸಿ, ಸುತ್ತೋಲೆ, ಗೋಡೆ ಮೇಲಿನ ಬೋರ್ಡು ಎಲ್ಲ ಇದೇ. ನಮ್ಮ ಒಂದು ಲ್ಯಾಬ್‌ನಲ್ಲಿ 'ಪೆನ್‌ಡ್ರೈವ್ ಬಳಕೆ ನಿಷೇಧಿಸಲಾಗಿದೆ' ಅಂತ ಬೋರ್ಡಿದೆ. ಅದರ ಕೆಳಗಿರೋ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಚುಚ್ಚಿದರೆ ಆರಾಮಾಗಿ ಓಪನ್ ಆಗತ್ತೆ. ಬೋರ್ಡ್ ಹಾಕಿದವರು ಪೆನ್‌ಡ್ರೈವ್ ತಡೆದಿದ್ದೀವಿ ಅಂದ್ಕೊಂಡಿದ್ದಾರೆ. ಹೇಳಿದ್ದಾರೆ, ತಡೆದಿಲ್ಲ. ವ್ಯತ್ಯಾಸ ತಿಳಿಯೋಕೆ ಒಂದು ಸುಲಭ ಪರೀಕ್ಷೆ ಇದೆ. ಯಾರಾದರೂ ಮಾತು ಕೇಳದೇ ಇದ್ದರೆ ಈ ಕಂಟ್ರೋಲ್ ಏನು ಮಾಡತ್ತೆ? ಪೋರ್ಟ್ ಬ್ಲಾಕ್ ಮಾಡಿದ್ದರೆ ಅದು ತಡೆಯತ್ತೆ. ಲಾಗ್‌ನಲ್ಲಿ ದಾಖಲಾದರೆ ಪತ್ತೆ ಹಚ್ಚತ್ತೆ. ಬೋರ್ಡು ಸುಮ್ಮನೆ ನೋಡ್ತಾ ಇರತ್ತೆ.

ಇದನ್ನ ಲ್ಯಾಬ್‌ನ ಸಣ್ಣ ವಿಷಯ ಅಂತ ಬಿಡೋ ಹಾಗಿಲ್ಲ. 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯಲ್ಲಿ ಆಗಿದ್ದು ಹೆಚ್ಚುಕಡಿಮೆ ಇದೇ. ಜನರ ಸಾಲದ ಚರಿತ್ರೆ ಇಟ್ಟುಕೊಳ್ಳೋ ಕಂಪನಿ ಅದು. ಅವರು ಬಳಸ್ತಿದ್ದ ಅಪಾಚೆ ಸ್ಟ್ರಟ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಒಂದು ದೊಡ್ಡ ತೂತು ಸಿಕ್ಕಿತು. ಮಾರ್ಚ್‌ನಲ್ಲೇ ಪ್ಯಾಚ್ ಬಂತು. 48 ಗಂಟೆಯೊಳಗೆ ಪ್ಯಾಚ್ ಹಾಕಿ ಅಂತ ಕಂಪನಿಯೊಳಗೆ ಇಮೇಲ್ ಹೋಯಿತು. ಅದು ಡೈರೆಕ್ಟಿವ್. ಆದರೆ ಒಂದು ಮುಖ್ಯ ಸರ್ವರ್‌ಗೆ ಪ್ಯಾಚ್ ಬೀಳಲೇ ಇಲ್ಲ, ಅಂದರೆ ತಡೆ ಇಲ್ಲ. ಎಲ್ಲಿ ಬಾಕಿ ಇದೆ ಅಂತ ಹುಡುಕೋಕೆ ಸ್ಕ್ಯಾನ್ ಮಾಡಿದರು, ಸ್ಕ್ಯಾನ್‌ಗೆ ಆ ಸರ್ವರ್ ಸಿಗಲಿಲ್ಲ. ನೆಟ್‌ವರ್ಕ್‌ನಲ್ಲಿ ಎನ್‌ಕ್ರಿಪ್ಟ್ ಆಗಿ ಹೋಗೋ ಡೇಟಾವನ್ನ ಬಿಚ್ಚಿ ನೋಡೋಕೆ ಒಂದು ಸಾಧನ ಇತ್ತು. ಅದರ ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿ ತಿಂಗಳುಗಳೇ ಕಳೆದಿದ್ದವು, ಯಾರೂ ರಿನ್ಯೂ ಮಾಡಿರಲಿಲ್ಲ. ಹಾಗಾಗಿ ಪತ್ತೆ ಹಚ್ಚೋ ಕಣ್ಣೂ ಮುಚ್ಚಿತ್ತು. ಮೇ ತಿಂಗಳಲ್ಲಿ ಒಳಗೆ ಬಂದ ಕಳ್ಳರು ಜುಲೈ ಕೊನೆವರೆಗೂ ಅಲ್ಲೇ ಇದ್ದರು. ಜುಲೈ 29ರಂದು ಹೊಸ ಸರ್ಟಿಫಿಕೇಟ್ ಹಾಕಿದಾಗಲೇ ಏನೋ ಹೊರಗೆ ಹೋಗ್ತಿದೆ ಅಂತ ಕಂಡಿದ್ದು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಹೋಗಿತ್ತು.

ಆಮೇಲೆ ಕಂಪನಿಯ ಮಾಜಿ ಸಿಇಒ ಅಮೆರಿಕದ ಸಂಸತ್ತಿನ ಮುಂದೆ ಏನು ಹೇಳಿದರು ಗೊತ್ತಾ? ಪ್ಯಾಚ್ ಹಾಕಬೇಕು ಅನ್ನೋದನ್ನ ಮುಂದೆ ತಿಳಿಸಬೇಕಿದ್ದ ಒಬ್ಬ ವ್ಯಕ್ತಿ ತಿಳಿಸಲಿಲ್ಲ ಅಂತ. ಅಷ್ಟು ದೊಡ್ಡ ಕಂಪನಿಯ ಭದ್ರತೆ ಒಬ್ಬರು ಒಂದು ಮಾತು ದಾಟಿಸೋದರ ಮೇಲೆ ನಿಂತಿದ್ದರೆ, ತಪ್ಪು ಆ ಒಬ್ಬರದ್ದು ಅಂತ ನನಗನ್ನಿಸಲ್ಲ.

ಇದೇ ಧಾಟಿ ನಮ್ಮ ಮನೆಗಳಲ್ಲೂ ಇದೆ. 'ಒಟಿಪಿ ಯಾರಿಗೂ ಹೇಳಬೇಡಿ' ಅಂತ ಬ್ಯಾಂಕಿನವರು ಮೆಸೇಜ್ ಕಳಿಸ್ತಾರೆ. ಅದೂ ಬೋರ್ಡೇ. ಮನೆಯಲ್ಲಿ ಯಾರಾದರೂ ದೊಡ್ಡವರು ಫೋನಲ್ಲಿ ಒಟಿಪಿ ಹೇಳಿ ದುಡ್ಡು ಕಳಕೊಂಡರೆ ನಾವು ಮೊದಲು ಹೇಳೋ ಮಾತು, 'ಅಷ್ಟು ಸಲ ಹೇಳಿದ್ದರೂ ಕೊಟ್ಟುಬಿಟ್ರಲ್ಲ'. ಪಾಪ, ಅವರ ಹತ್ತಿರ ಇದ್ದಿದ್ದೇ ಆ ಒಂದು ಬೋರ್ಡು. ಕಂಟ್ರೋಲ್‌ಗಳ ಪಾಠ ಅರ್ಥವಾದವರು ಬೈಯೋದರ ಬದಲು ಬೇರೆ ಕೆಲಸ ಮಾಡಬಹುದು. ಅಜ್ಜನ ಕಾರ್ಡ್‌ನಲ್ಲಿ ಆನ್‌ಲೈನ್ ಬಳಕೆ ಬೇಡದಿದ್ದರೆ ಆಫ್ ಮಾಡಿಸಿ, ಮಿತಿ ಕಡಿಮೆ ಇಡಿಸಿ. ಇದು ತಡೆ. ಖಾತೆಯಿಂದ ದುಡ್ಡು ಹೋದರೆ ಎಸ್‌ಎಂಎಸ್ ಬರೋ ಹಾಗೆ ನೋಡ್ಕೊಳ್ಳಿ. ಇದು ಪತ್ತೆ. ಮೋಸ ಆದ ತಕ್ಷಣ 1930ಕ್ಕೆ ಫೋನ್ ಮಾಡಿ, ದುಡ್ಡು ಮುಂದಕ್ಕೆ ದಾಟೋ ಮೊದಲು ತಡೆಹಿಡಿಸೋ ಅವಕಾಶ ಇರತ್ತೆ. ಇದು ಸರಿ ಮಾಡೋದು. ಇಷ್ಟು ಮಾಡಿದ ಮೇಲೆ ಒಟಿಪಿ ಬುದ್ಧಿವಾದ ಹೇಳಿ, ಆಗ ಅದಕ್ಕೂ ಬೆಲೆ ಇರತ್ತೆ.

ಹಾಗಂತ ಡೈರೆಕ್ಟಿವ್ ಅಂದರೆ ದಂಡ ಅಂತಲ್ಲ. ನಮ್ಮ ದೇಶದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನ 180 ದಿನ ಇಟ್ಟಿರಬೇಕು ಅಂತ. ಅದೂ ಹೇಳೋದೇ. ಆದರೆ ಆ ಮಾತಿನ ಹಿಂದೆ ಕಾನೂನಿದೆ, ಆ ಮಾತಿನಿಂದ ಲಾಗ್ ಅನ್ನೋ ಪತ್ತೆ ಹಚ್ಚೋ ಕೆಲಸ ಹುಟ್ಟತ್ತೆ. ಒಳ್ಳೇ ಬೋರ್ಡು ಬೇರೆ ಕಂಟ್ರೋಲ್‌ಗಳನ್ನ ಹುಟ್ಟಿಸತ್ತೆ. ಕೆಟ್ಟ ಬೋರ್ಡು ಅವುಗಳ ಜಾಗದಲ್ಲಿ ತಾನೇ ಕೂತ್ಕೊಳ್ಳತ್ತೆ.

'ಇಷ್ಟೆಲ್ಲ ಯಾಕೆ ಮಾರಾಯ, ಪರೀಕ್ಷೆ ಪಾಸಾದರೆ ಸಾಕಲ್ಲ' ಅನ್ನೋರು ಇದ್ದಾರೆ. ಅವರಿಗೂ ಒಂದು ಮಾತು. ಸೀನಿಯರ್‌ಗಳಿಂದ ಬಂದಿರೋ ಹಳೇ ನೋಟ್ಸ್ ತೆಗೆದು ನೋಡಿ. ಅದು 601 ವರ್ಷನ್‌ನದಾಗಿದ್ದರೆ ಫಿಸಿಕಲ್ ಅನ್ನೋದು ಪ್ರಿವೆಂಟಿವ್, ಡಿಟೆಕ್ಟಿವ್‌ಗಳ ಸಾಲಿನಲ್ಲಿ ಕೂತಿರತ್ತೆ, ಡೈರೆಕ್ಟಿವ್ ಇರೋದೇ ಇಲ್ಲ. 2023ರ ನವೆಂಬರ್‌ನಲ್ಲಿ ಬಂದ 701ರಲ್ಲಿ ಫಿಸಿಕಲ್ಲನ್ನ ಟೆಕ್ನಿಕಲ್, ಮ್ಯಾನೇಜೀರಿಯಲ್‌ಗಳ ಪಕ್ಕಕ್ಕೆ ಸರಿಸಿದರು, ಡೈರೆಕ್ಟಿವ್ ಸೇರಿಸಿದರು. ಬಾಯಿಪಾಠ ಮಾಡಿದವರ ಟೇಬಲ್ ಒಂದೇ ದಿನಕ್ಕೆ ಹಳಸಿತು. ಯಾವುದರ ಮೂಲಕ, ಏನು ಮಾಡತ್ತೆ ಅನ್ನೋ ಎರಡು ಪ್ರಶ್ನೆ ಇಟ್ಕೊಂಡವರಿಗೆ ಏನೂ ನಷ್ಟವಾಗಲಿಲ್ಲ. ಬೀಗವನ್ನ 'ಫಿಸಿಕಲ್ ವಿಧ' ಅಂದರೆ ಅದು ಏನು ಮಾಡತ್ತೆ ಅಂತ ಹೇಳಿದ ಹಾಗಾಗಲ್ಲ ಅನ್ನೋದು ಅವರಿಗೆ ಮೊದಲೇ ಕಾಣ್ತಿತ್ತು.

ಹಾಗಾಗಿ ಮುಂದಿನ ಸಲ ಗ್ರೂಪ್ ಸ್ಟಡಿಗೆ ಕೂತಾಗ ಟೇಬಲ್ ಮುಚ್ಚಿಡಿ. ಹಾಸ್ಟೆಲ್ ಗೇಟ್, ಲೈಬ್ರರಿ ಐಡಿ ಸ್ಕ್ಯಾನರ್, ವೈಫೈ ಲಾಗಿನ್, ನೈಟ್ ವಾಚ್‌ಮನ್, ಲ್ಯಾಬ್ ರಿಜಿಸ್ಟರ್, ಪ್ರಾಜೆಕ್ಟ್ ಫೈಲ್‌ಗಳ ಬ್ಯಾಕಪ್, ಹೀಗೆ ಹತ್ತು ವಿಷಯ ಬರ್ಕೊಳ್ಳಿ. ಒಂದೊಂದಕ್ಕೂ ಕ್ರಿಯಾಪದ ಹುಡುಕಿ, ಜಗಳ ಆಡಿ. ಒಂದೇ ಗಂಟೆಯಲ್ಲಿ ಮೊದಲನೇ ಟಾಪಿಕ್ ಮುಗಿಯತ್ತೆ, ಮರೆಯೋದೂ ಇಲ್ಲ. ಮುಂದೆ ನಮ್ಮಲ್ಲೇ ಯಾರೋ ಒಂದು ಬ್ಯಾಂಕಿನ, ಆಸ್ಪತ್ರೆಯ ಸಿಸ್ಟಮ್ ನೋಡ್ಕೊಳ್ಳೋರು ಇರ್ತೀವಿ. ಅಲ್ಲಿ ಏನೋ ತಪ್ಪಾದಾಗ ಇನ್ನೊಂದು ಸುತ್ತೋಲೆ ಹೊರಡಿಸಿ ಮನೆಗೆ ಹೋಗೋ ಇಂಜಿನಿಯರ್‌ಗಳು ನಾವಾಗಬಾರದು.