ಬುರುಗು ಬಂದ ಬ್ಯಾರಲ್

ಅಕ್ಟೋಬರ್ ಚಾಟಣಿ ಮುಗಿದರೆ ಜಮಖಂಡಿ ಕಡೆ ದ್ರಾಕ್ಷಿ ಬೆಳೆಯೋರಿಗೆ ನಿದ್ದೆ ಇರಲ್ಲ. ಮೋಡ ಮುಸುಕಿದ್ರೆ ಸಾಕು, ಡೌನಿ ಭಯ. ಈ ಸಲ ರಜೆಗೆ ಊರಿಗೆ ಹೋದಾಗ ಅಪ್ಪ ಹೈಡ್ರೋಜನ್ ಪೆರಾಕ್ಸೈಡ್ ಕ್ಯಾನ್ ತಂದಿಟ್ಟಿದ್ದರು. "ನೀರು, ಆಮ್ಲಜನಕ ಆಗಿ ಹೋಗತೈತಂತ. ವಿಷ ಅಲ್ಲ" ಅಂದರು. ಅರ್ಧ ಸತ್ಯ. ಕ್ಯಾನಿನ ಮೇಲೆ 50% ಅಂತಿತ್ತು. ಅಷ್ಟು ಗಟ್ಟಿಯಾದದ್ದು ಚರ್ಮ ಸುಡುತ್ತೆ. ಅಪ್ಪನ ಬೆರಳ ತುದಿ ಆಗಲೇ ಬೆಳ್ಳಗಾಗಿತ್ತು.

ಹಿಂದಿನ ದಿನ ಬೋರ್ಡೋ ಕಲಸಿದ್ದ ಬ್ಯಾರಲ್‌ಗೇ ಸುರಿದಿದ್ದರು. ಬುಸ್ ಅಂತ ಬುರುಗು! ತಾಮ್ರ ತಾಗಿದ್ರೆ ಪೆರಾಕ್ಸೈಡ್ ಬೇಗ ಒಡೆಯುತ್ತೆ. ತುಕ್ಕು, ರಾಡಿ ನೀರೂ ಹಾಗೇ. ಎಲೆ ಮುಟ್ಟೋದ್ರೊಳಗೆ ಔಷಧಿ ಖಾಲಿ. ಮುಚ್ಚಳ ಬಿಗಿದ ಪಂಪಿನಲ್ಲಾಗಿದ್ರೆ ಸಿಡಿಯೋ ಅಪಾಯ ಬೇರೆ.

ಕ್ಯಾನಿನ ಮೇಲೆ ಬೆಳೆಯ ಹೆಸರಿಲ್ಲ, ಪ್ರಮಾಣವೂ ಇಲ್ಲ. ವಾಪಸ್ ಕೊಡಿಸಿ, ಬೆಳೆಗೆ ಅಂತಲೇ ಲೇಬಲ್ ಇರೋದನ್ನ ತಂದೆವು. ಅದಕ್ಕೇ ಪ್ರತ್ಯೇಕ ಪ್ಲಾಸ್ಟಿಕ್ ಬ್ಯಾರಲ್. ಮೊದಲು ಶುದ್ಧ ನೀರು, ಆಮೇಲೆ ಪೆರಾಕ್ಸೈಡ್. ಗ್ಲೌಸ್, ಕನ್ನಡಕ ಕಡ್ಡಾಯ. ಕಣ್ಣಿಗೆ ಹಾರಿದ್ರೆ 15 ನಿಮಿಷ ನೀರಲ್ಲಿ ತೊಳೆದು ಆಸ್ಪತ್ರೆಗೆ. ಕ್ಯಾನ್ ನೆರಳಲ್ಲಿರಲಿ, ಗಾಳಿಯಾಡೋ ಮುಚ್ಚಳ ತೆಗೆದು ಬೇರೆ ಹಾಕಬೇಡಿ. ಗೋಣಿಚೀಲ, ಕಬ್ಬಿನ ರವದಿ ಮೇಲೆ ಚೆಲ್ಲಿದರೆ ಬೆಂಕಿ ಹೊತ್ತಬಹುದು.

ಮುಧೋಳದಿಂದ ಮಾವ ಫೋನ್ ಮಾಡಿದ್ದ: "ನಮ್ಮ ದಾಳಿಂಬಿ ಅಂಗಮಾರಿಗೂ ಹೊಡೀಲೇನು?" ತಾಗಿದಲ್ಲಿ ಮಾತ್ರ ಕೊಲ್ಲುತ್ತೆ ಮಾವ, ಕಾಂಡದೊಳಗೆ ಇಳಿಯಲ್ಲ, ನಾಳೆಗೂ ಉಳಿಯಲ್ಲ. ರೋಗದ ಟೊಂಗೆ ಕತ್ತರಿಸಿ ಸುಡೋದು ತಪ್ಪಲ್ಲ ಅಂದೆ. "ಅಷ್ಟ ಆದ್ರ ನೀ ಬೆಂಗಳೂರಾಗ ಕುಂತು ಏನ್ ಹೇಳ್ತಿ, ಕತ್ತರಿ ಹಿಡ್ಕೊಂಡು ಬಾ" ಅಂದ.